ಒರಿಜಿನಲ್ ಕಾರ್ಟ್ರಿಜ್ಜೋ ಡೂಪ್ಲಿಕೇಟೋ ಎಂದು ಕೇಳುವ ಮೊದಲು ವೈಫೈ ಬಂದ್ ಮಾಡಿ

ನಾಲ್ಕು ಬಣ್ಣಗಳಲ್ಲಿ ಒಂದು ಮುಗಿದರೂ ಪ್ರಿಂಟರ್ ನಿಂತುಬಿಡುತ್ತದೆ, ಕಂಪನಿಯ ಒರಿಜಿನಲ್ ಕಾರ್ಟ್ರಿಜ್ (ಇಂಕಿನ ಡಬ್ಬಿ) ಕೈಗೆಟಕುವುದಿಲ್ಲ, ಬೇರೆಯವರ ಡೂಪ್ಲಿಕೇಟ್ ಹಾಕಬಹುದೇ ಎಂದು ಕೇಳಿದ್ದೀರಿ. ನಾನು ಹಾಕಿದ್ದೆ. ಅದರಿಂದ ಏನಾಯಿತೆಂಬುದನ್ನು ಹೇಳುತ್ತೇನೆ.

ಗದಗ-ಬೆಟಗೇರಿಯಲ್ಲಿ ನಾನು ಪ್ರೌಢಶಾಲೆಯ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತೇನೆ. ಪ್ರತಿ ರವಿವಾರ ಟೆಸ್ಟ್ ಇರುತ್ತದೆ. 26 ಮಕ್ಕಳು, ಒಬ್ಬೊಬ್ಬರಿಗೆ ಎರಡು ಹಾಳೆಯ ಪ್ರಶ್ನೆಪತ್ರಿಕೆ. ಪ್ರತಿ ವಾರ ಜೆರಾಕ್ಸ್ ಅಂಗಡಿಗೆ ಓಡಾಡುವುದು ಬೇಸರವಾಗಿ, ಹುಬ್ಬಳ್ಳಿಗೆ ಹೋದಾಗ 6,500 ರೂಪಾಯಿಯ ಇಂಕ್‌ಜೆಟ್ ಪ್ರಿಂಟರ್ ತಂದೆ. ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಇಷ್ಟು ಕಡಿಮೆ ಬೆಲೆಗೆ ಹೇಗೆ ಸಿಗುತ್ತವೆ ಎಂಬ ಅನುಮಾನ ಗಣಿತ ಕಲಿಸುವವಳಾದ ನನಗೆ ಅಂದೇ ಬರಬೇಕಿತ್ತು. ಬರಲಿಲ್ಲ. ಪೆಟ್ಟಿಗೆಯ ಜೊತೆ ಬಂದ ಕಾರ್ಟ್ರಿಜ್‌ಗಳಲ್ಲಿ ಅಂಗಡಿಯಲ್ಲಿ ಮಾರುವವುಗಳಿಗಿಂತ ಕಡಿಮೆ ಇಂಕ್ ಇರುತ್ತದೆಂಬುದು ಕೆಲವೇ ವಾರಗಳಲ್ಲಿ ತಿಳಿಯಿತು. ಹೊಸ ಸೆಟ್ಟಿನ ಬೆಲೆ 3,600 ರೂಪಾಯಿ, ಅಂದರೆ ಯಂತ್ರದ ಬೆಲೆಯ ಅರ್ಧಕ್ಕಿಂತ ಹೆಚ್ಚು.

ಮೊದಲ ಸಲ ಒರಿಜಿನಲ್ಲನ್ನೇ ಕೊಂಡೆ. ಪೊಟ್ಟಣದ ಮೇಲೆ ಬರೆದಿದ್ದ ಪುಟಗಳ ಸಂಖ್ಯೆಯ ಹತ್ತಿರವೂ ಅದು ಬರಲಿಲ್ಲ. ಆ ಲೆಕ್ಕ ಸಾಮಾನ್ಯವಾಗಿ ಪುಟದ ಸುಮಾರು 5 ಪ್ರತಿಶತ ಜಾಗದಲ್ಲಿ ಮಾತ್ರ ಇಂಕ್ ಬೀಳುತ್ತದೆಂದು ಹಿಡಿದದ್ದು. ವೃತ್ತ, ತ್ರಿಕೋನ, ಗ್ರಾಫ್ ತುಂಬಿದ ನನ್ನ ಹಾಳೆಗಳಿಗೆ ಅದು ಹೊಂದುವುದಿಲ್ಲ. ಅದಿರಲಿ. ಒಂದು ಶನಿವಾರ ರಾತ್ರಿ ಹತ್ತೂವರೆಗೆ, ಪೂರ್ತಿ ಕಪ್ಪಕ್ಷರದ ಪ್ರಶ್ನೆಪತ್ರಿಕೆಯ ಒಂಬತ್ತನೆಯ ಪ್ರತಿ ಹೊರಬರುತ್ತಿದ್ದಾಗ ಯಂತ್ರ ನಿಂತಿತು. ಹಳದಿ ಮುಗಿದಿದೆ ಎಂದು ಪುಟ್ಟ ಪರದೆಯ ಮೇಲೆ ಬಂತು. ನಾನು ಹಳದಿ ಬಣ್ಣದಲ್ಲಿ ಒಂದು ಚುಕ್ಕೆಯನ್ನೂ ಮುದ್ರಿಸಿರಲಿಲ್ಲ. ಆಮೇಲೆ ಗೊತ್ತಾದದ್ದೇನೆಂದರೆ, ಇಂತಹ ಯಂತ್ರಗಳು ಸ್ವಿಚ್ ಹಾಕಿದಾಗಲೆಲ್ಲ ಇಂಕ್ ಚಿಮ್ಮುವ ಹೆಡ್ಡಿನ ಸಣ್ಣ ರಂಧ್ರಗಳು ಕಟ್ಟಿಕೊಳ್ಳದಂತೆ ನಾಲ್ಕೂ ಬಣ್ಣಗಳನ್ನು ಸ್ವಲ್ಪ ಸ್ವಲ್ಪ ಹೊರಚೆಲ್ಲಿ, ಒಳಗಿರುವ ಒಂದು ಸ್ಪಂಜಿಗೆ ಕುಡಿಸುತ್ತವೆ. ಕರೆಂಟ್ ಉಳಿಸಲೆಂದು ನಾನು ಪ್ರತಿದಿನ ಗೋಡೆಯ ಸ್ವಿಚ್ ಆರಿಸುತ್ತಿದ್ದೆ. ನನ್ನ ಹಳದಿಯೆಲ್ಲ ಆ ಸ್ಪಂಜಿನಲ್ಲಿತ್ತು.

ಇಲ್ಲಿಂದ ಮುಂದೆ ನಾನು ನಿಮ್ಮ ದಾರಿಯನ್ನೇ ಹಿಡಿದೆ. ಮುಳಗುಂದ ನಾಕಾದ ಕಡೆಯ ಅಂಗಡಿಯೊಂದರಲ್ಲಿ 1,200 ರೂಪಾಯಿಗೆ ನಾಲ್ಕೂ ಬಣ್ಣದ ಡೂಪ್ಲಿಕೇಟ್ ಸೆಟ್ ಸಿಕ್ಕಿತು. ಅಂಗಡಿಯವರು ಒಂದು ಕಾರ್ಟ್ರಿಜ್ಜನ್ನು ಮಗುಚಿ, ಉಗುರಿನಷ್ಟಗಲದ ಹಸಿರು ತುಣುಕಿನ ಮೇಲಿದ್ದ ತಾಮ್ರದ ಬಿಂದುಗಳನ್ನು ತೋರಿಸಿ, "ಇದರಾಗಿನ ಚಿಪ್ಪನ್ನ ಮಷೀನ್ ಗುರುತ ಹಿಡಿದರ ಆತರಿ ಅಕ್ಕೋರ" ಎಂದರು. ಮಷೀನ್ ಗುರುತು ಹಿಡಿಯಿತು. ಏಳು ರವಿವಾರ ಯಾವ ತಕರಾರೂ ಇಲ್ಲದೆ ಪ್ರಶ್ನೆಪತ್ರಿಕೆಗಳು ಬಂದವು. ಅಕ್ಷರಗಳಲ್ಲಿ ನನ್ನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಎಂಟನೆಯ ವಾರ ಅದೇ ಕಾರ್ಟ್ರಿಜ್, ಅರ್ಧಕ್ಕಿಂತ ಹೆಚ್ಚು ಇಂಕ್ ಇರುವಾಗಲೇ, ಒರಿಜಿನಲ್ ಅಲ್ಲವೆಂದು ತಿರಸ್ಕೃತವಾಯಿತು. ಅಂಗಡಿಗೆ ಒಯ್ದೆ. "ಕಾರ್ಟ್ರಿಜ್ ಚಲೋನ ಐತ್ರಿ, ಮಷೀನ ಒಲ್ಲೆ ಅನ್ನಾಕತ್ತೈತಿ. ವೈಫೈಗೆ ಹಚ್ಚೀರೇನು?" ಎಂದು ಕೇಳಿದರು.

ಹಚ್ಚಿದ್ದೆ. ನನ್ನ ದೊಡ್ಡ ತಪ್ಪು ಇದೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಯುಎಸ್‌ಬಿ ಕೇಬಲ್ ಇತ್ತು. ಪ್ರಿಂಟರ್ ಇಟ್ಟ ಮೇಜಿಗೂ ಕಂಪ್ಯೂಟರಿಗೂ ಎರಡು ಗೇಣು ಅಂತರ. ಆದರೆ ಫೋನಿನಿಂದಲೂ ಪ್ರಿಂಟ್ ಕೊಡಬಹುದೆಂದು ಮಗ ಉತ್ಸಾಹದಿಂದ ಹೇಳಿದ್ದಕ್ಕೆ ಕೇಬಲ್ಲನ್ನು ಬಿಚ್ಚದೆ ಅದರ ಪ್ಲಾಸ್ಟಿಕ್ ಚೀಲದಲ್ಲೇ ಕಪಾಟಿನಲ್ಲಿಟ್ಟು, ಯಂತ್ರವನ್ನು ಮನೆಯ ವೈಫೈಗೆ ಜೋಡಿಸಿದೆ. ಜೋಡಿಸುವಾಗ ಒಂದರ ಹಿಂದೊಂದರಂತೆ ಬಂದ ಪ್ರಶ್ನೆಗಳಿಗೆಲ್ಲ ಓದದೆ 'ಹೌದು' ಒತ್ತಿದೆ. ಅವುಗಳಲ್ಲೊಂದು ಅಪ್‌ಡೇಟ್‌ಗಳು ತಾವಾಗಿಯೇ ಬರಲಿ ಎಂಬುದು. ಅಪ್‌ಡೇಟ್ ಎಂದರೆ ಒಳ್ಳೆಯದೇ ಇರಬೇಕೆಂದು ಫೋನಿನ ಅನುಭವದಿಂದ ತಿಳಿದುಕೊಂಡಿದ್ದೆ. ಪ್ರಿಂಟರಿನೊಳಗೇ ಕುಳಿತು ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಅಪ್‌ಡೇಟ್‌ನಿಂದ ಬದಲಾದಾಗ, ನಿನ್ನೆಯವರೆಗೆ ಒಪ್ಪಿಕೊಂಡಿದ್ದ ಹೊರಗಿನ ಚಿಪ್ಪುಗಳನ್ನು ಅದು ಇಂದು ಹೊರಗಿಡಬಹುದು. ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಕಂಪನಿಯ ಸಾಫ್ಟ್‌ವೇರ್ ಕೂಡ ಇದೇ ಕೆಲಸವನ್ನು ಮಾಡಬಲ್ಲದು. ಆದ್ದರಿಂದ ಕೇಬಲ್ ಹಾಕಿದರಷ್ಟೇ ಸಾಲದು, ಕಂಪ್ಯೂಟರಿನಿಂದ ಪ್ರಿಂಟ್ ಕೊಡಲು ಬೇಕಾದ ಡ್ರೈವರ್ ಎಂಬ ಪ್ರೋಗ್ರಾಂ ಒಂದನ್ನು ಬಿಟ್ಟು ಉಳಿದದ್ದನ್ನು ಹಾಕಿಕೊಳ್ಳಬಾರದು. ಹಳೆಯ ಫರ್ಮ್‌ವೇರಿಗೆ ಹಿಂತಿರುಗಲು ನನ್ನ ಮಾದರಿಯಲ್ಲಿ ದಾರಿ ಸಿಗಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡೋಣವೆಂದು ನಮ್ಮ ಮನೆಯವರು ಹೇಳಿದರು. ಅದಕ್ಕೂ ಮುನ್ನ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ಇಳಿಸಿ ಕನ್ನಡಕ ಹಾಕಿಕೊಂಡು ನೋಡಿದೆ. ಬೇರೆಯವರ ಚಿಪ್ ಇರುವ ಕಾರ್ಟ್ರಿಜ್ ಕೆಲಸ ಮಾಡದಿರಬಹುದು, ಮುಂದಿನ ಅಪ್‌ಡೇಟ್‌ಗಳು ಅದನ್ನು ತಡೆಯಬಹುದು ಎಂದು ಸಾಸಿವೆಯಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು. ಕರೆ ಮಾಡುವ ಉಮೇದು ಅಲ್ಲಿಗೇ ಇಳಿಯಿತು. ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ ಪ್ರಿಂಟರ್ ತಯಾರಿಸುವ ಲೆಕ್ಸ್‌ಮಾರ್ಕ್ ಕಂಪನಿಯ ಪ್ರಕರಣದಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್ಜಿನ ಮೇಲೆ ಪೇಟೆಂಟ್ ಹಕ್ಕು ಉಳಿಯುವುದಿಲ್ಲವೆಂದು ತೀರ್ಪು ಕೊಟ್ಟಿದೆ. ಆದರೆ ನನ್ನ ಯಂತ್ರ ಪೇಟೆಂಟಿನ ಮಾತನ್ನೇ ಎತ್ತಿರಲಿಲ್ಲ, ಬರೀ ಚಿಪ್ ನೋಡಿ ಬಾಗಿಲು ಹಾಕಿಕೊಂಡಿತ್ತು. ಮುದ್ರಣ ಕಾಶಿ ಎಂದು ಹೆಸರಾದ ಊರಿನಲ್ಲಿ ಕುಳಿತು ಒಂದು ಹಾಳೆ ಮುದ್ರಿಸಲಾಗದೆ, ಆ ರವಿವಾರ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆ.

ಈಗ ನಿಮ್ಮ ಪ್ರಶ್ನೆ. ಒರಿಜಿನಲ್ಲೋ ಡೂಪ್ಲಿಕೇಟೋ ಎಂಬುದನ್ನೇ ನಾನು ಒಪ್ಪುವುದಿಲ್ಲ. ತಿಂಗಳಿಗೆ ಎಷ್ಟು ಹಾಳೆ ಮುದ್ರಿಸುತ್ತೀರಿ ಎಂದು ನೀವು ಬರೆದೇ ಇಲ್ಲ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಇಪ್ಪತ್ತೋ ಮೂವತ್ತೋ ಆಗಿದ್ದರೆ ನಿಮಗೆ ಪ್ರಿಂಟರೇ ಬೇಡ. ಬಳಸದೆ ಇಟ್ಟ ಇಂಕ್‌ಜೆಟ್ ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಒಣಗಿ ಹೆಡ್ ಕಟ್ಟಿಕೊಳ್ಳುತ್ತದೆ. ಅದನ್ನು ತೆರೆಯಲು ಕ್ಲೀನಿಂಗ್ ಕೊಟ್ಟಷ್ಟೂ ಇಂಕ್ ಸ್ಪಂಜಿಗೆ ಹೋಗುತ್ತದೆ. ಬಣ್ಣ ಬೇಕೇ ಬೇಕು, ದಿನವೂ ಬೇಕು ಎನ್ನುವವರಿಗೆ ಬಾಟಲಿಯಿಂದ ಇಂಕ್ ಸುರಿಯುವ ಟ್ಯಾಂಕ್ ಪ್ರಿಂಟರ್ ಇದೆ. ಎಪ್ಸನ್ ಅದನ್ನು 2010ರಲ್ಲಿ ಮೊದಲು ಇಂಡೋನೇಷ್ಯಾದಲ್ಲಿ ಮಾರಾಟಕ್ಕೆ ತಂದಿತು. ಕೊಳ್ಳುವಾಗ ಬೆಲೆ ಹೆಚ್ಚು, ಆಮೇಲೆ ಕಡಿಮೆ. ನನಗೆ ಬಣ್ಣದ ಅಗತ್ಯವಿಲ್ಲದ್ದರಿಂದ ಅದರ ಬಗ್ಗೆ ಹೆಚ್ಚು ಹೇಳಲಾರೆ.

ನಾನು ಕೊಂಡದ್ದು ಹುಬ್ಬಳ್ಳಿಯ ಕಚೇರಿಯೊಂದು ಮಾರಲಿಟ್ಟಿದ್ದ ಸೆಕೆಂಡ್ ಹ್ಯಾಂಡ್ ಎಚ್‌ಪಿ 1020 ಲೇಸರ್, 4,500 ರೂಪಾಯಿಗೆ. ಲೇಸರ್ ಪ್ರಿಂಟರಿಗೆ ಇಂಕಿನ ಬದಲು ಟೋನರ್ ಎಂಬ ಪುಡಿಯ ಡಬ್ಬಿ ಇರುತ್ತದೆ. ಹೊಸ ಲೇಸರ್‌ಗಳ ಟೋನರಿನಲ್ಲೂ ಚಿಪ್ ಇರುವುದುಂಟು, ಲೇಸರ್ ಎಂದ ಮಾತ್ರಕ್ಕೆ ನಂಬಬೇಡಿ. ಇದರ 12ಎ ಟೋನರಿನಲ್ಲಿ ಚಿಪ್ ಇಲ್ಲ, ಯಂತ್ರದಲ್ಲಿ ವೈಫೈಯೂ ಇಲ್ಲ. ಟೋನರ್ ಪುಡಿಯಾದ್ದರಿಂದ ಬೇಸಿಗೆ ರಜೆ ಮುಗಿಸಿ ಬಂದು ಸ್ವಿಚ್ ಹಾಕಿದರೂ ಮೊದಲ ಹಾಳೆಯೇ ಸ್ವಚ್ಛವಾಗಿ ಬರುತ್ತದೆ. ಪುಡಿ ತುಂಬಿಸಲು ಅದೇ ನಾಕಾದ ಅಂಗಡಿಯವರು 350 ರೂಪಾಯಿ ತೆಗೆದುಕೊಳ್ಳುತ್ತಾರೆ. ಹಳೆಯ ಇಂಕ್‌ಜೆಟ್ಟಿನ ಜೊತೆ ಬಂದು ಕಪಾಟಿನಲ್ಲೇ ಉಳಿದಿದ್ದ ಕೇಬಲ್ಲನ್ನು ಚೀಲ ಹರಿದು ಇದಕ್ಕೆ ಹಾಕಿದ್ದೇನೆ.

ಇಷ್ಟೆಲ್ಲ ಓದಿದ ಮೇಲೂ ನಿಮ್ಮಲ್ಲಿರುವ ಯಂತ್ರಕ್ಕೆ ಡೂಪ್ಲಿಕೇಟನ್ನೇ ಹಾಕುವುದಾದರೆ, ಅಂಗಡಿಗೆ ಹೋಗುವ ಮೊದಲೇ ಅದರ ಸೆಟ್ಟಿಂಗ್‌ನಲ್ಲಿ ಆಟೋಮ್ಯಾಟಿಕ್ ಅಪ್‌ಡೇಟ್ ನಿಲ್ಲಿಸಿ, ವೈಫೈ ಬಂದ್ ಮಾಡಿ. ಆಮೇಲೆ ಅಂಗಡಿಯಲ್ಲಿ, ಕಾರ್ಟ್ರಿಜ್ ನಡೆಯದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ, ಅವರು ಪಾಪ, ಅರ್ಧ ಹಣವನ್ನಾದರೂ ಮರಳಿಸಿದರು.