ಇಡೀ ಮನೆಗೆ ಒಂದೇ ಟೈಲ್ಸ್ ಬೇಡ ಅಣ್ಣ

ಅಣ್ಣ, ತೀರ್ಥಹಳ್ಳಿ ಕಡೆ ಮನೆ ಕಟ್ಟಿಸ್ತಿದ್ದೀವಿ, ಜಗಲಿಯಿಂದ ಬಚ್ಚಲುಮನೆವರೆಗೆ ಒಂದೇ ಥರದ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಬೇಡ. ನಾವು ಸಾಗರದ ಹತ್ತಿರದವರು, ಜಗಲಿಗೆ ಅದನ್ನೇ ಹಾಕಿಸಿದ್ದೆವು. ಮೊದಲ ಮಳೆಗಾಲದಲ್ಲೇ ತೋಟದಿಂದ ಒದ್ದೆ ಕಾಲಲ್ಲಿ ಬಂದ ಅಪ್ಪ ಜಾರಿ ಬಿದ್ದು ಕೈ ಮುರಿದುಕೊಂಡರು. ಎಲ್ಲ ಒಡೆಸಿ, ಮೇಲ್ಮೈ ಒರಟಾಗಿರುವ ಫ್ಲೇಮ್ಡ್ ಗ್ರಾನೈಟ್ ಹಾಕಿಸಿದೆವು. ಈಗ ಭಯವಿಲ್ಲ.

ಬಚ್ಚಲಿಗೆ ಒಂದಡಿ ಚೌಕದ, ಸುಲಭಕ್ಕೆ ಜಾರದ ಆ್ಯಂಟಿ ಸ್ಕಿಡ್ ಟೈಲ್ಸ್ ತಗೊಳ್ಳಿ. ದೊಡ್ಡ ಟೈಲ್ಸ್‌ನಲ್ಲಿ ನೀರು ಹೋಗುವ ಕಂಡಿಯ ಕಡೆಗೆ ವಾಟ, ಅಂದರೆ ಇಳಿಜಾರು, ಸರಿಯಾಗಿ ಕೂರಿಸುವುದು ಕಷ್ಟ, ಮೂಲೆಯಲ್ಲಿ ನೀರು ನಿಲ್ಲುತ್ತದೆ. ಐದಡಿಗೆ ಒಂದು ಇಂಚಾದರೂ ವಾಟ ಇರಲಿ. ಗೋಡೆಯ ಟೈಲ್ಸ್ ಉಳಿದಿದೆ ಅಂತ ನೆಲಕ್ಕೆ ಹಾಕಿಸಲೇಬೇಡಿ, ಅದು ತುಳಿತಕ್ಕೆ ಮಾಡಿದ್ದಲ್ಲ.

ಅಂಗಡಿಯವರ ಮಾತು ಕೇಳಿ ಸುಮ್ನೆ ಒಪ್ಪಬೇಡಿ. ಟೈಲ್ಸನ್ನು ನೆಲದ ಮೇಲೆ ಇಡಿಸಿ, ಒಂದು ಲೋಟ ನೀರು ಹೊಯ್ಯಿರಿ, ಸ್ವಲ್ಪ ಸೋಪು ಸವರಿ. ಚಪ್ಪಲಿ ಬಿಟ್ಟು, ಏನಾದರೂ ಹಿಡಿದುಕೊಂಡು, ಹಿಮ್ಮಡಿ ಒತ್ತಿ ನೋಡಿ. ಕಾಲು ಸರ್ರನೆ ಮುಂದೆ ಹೋದರೆ ಆ ಟೈಲ್ಸ್ ಬೇಡ.

ಅಡುಗೆಮನೆಗೆ ಹೊಳಪಿಲ್ಲದ ಮ್ಯಾಟ್ ವಿಟ್ರಿಫೈಡ್ ಸಾಕು. ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ, ದುಡ್ಡು ಜಾಸ್ತಿಯಾದರೂ ಎಣ್ಣೆ, ಅರಿಶಿನದ ಕಲೆ ಸುಲಭಕ್ಕೆ ಹಿಡಿಯುವುದಿಲ್ಲ. ಮಾರ್ಬಲ್ ಬೇಡವೇ ಬೇಡ. ನಿಂಬೆ, ಹುಣಸೆ ರಸ ಬಿದ್ದ ಕಡೆ ಹೊಳಪು ಹೋಗಿ ಮಂಕಾಗುತ್ತದೆ, ಒರೆಸಿದರೆ ಹೋಗುವ ಕಲೆಯಲ್ಲ ಅದು. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಅದನ್ನು ಹಾಕಿಸಿದರೆ ಆ್ಯಸಿಡ್ ಹಾಕಿ ತೊಳೆಯಬೇಡಿ.

ಹೊಳಪು ಬೇಕೇ ಬೇಕು ಅಂದರೆ ಹಾಲ್‌ಗೆ ಮಾತ್ರ ಡಬಲ್ ಚಾರ್ಜ್ ಅನ್ನುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿ. ಅದರ ಬಣ್ಣದ ಪದರ ದಪ್ಪ, ಸವೆದರೂ ಬೇಗ ಗೊತ್ತಾಗುವುದಿಲ್ಲ. ಆದರೆ ನಮ್ಮ ಮಳೆಗಾಲ ಗೊತ್ತಲ್ವಾ? ನೆಲ ಬೆವರಿ ನೀರು ಚೆಲ್ಲಿದ ಹಾಗಾಗುತ್ತದೆ. ನಾನಾದರೆ ಅಲ್ಲಿಗೂ ಮ್ಯಾಟೇ ಹಾಕಿಸುತ್ತೇನೆ.

ಅಮ್ಮನ ಕೋಣೆಗೆ ರೆಡ್ ಆಕ್ಸೈಡ್, ಅಂದರೆ ಕೆಂಪು ಬಣ್ಣ ಬೆರೆಸಿದ ಸಿಮೆಂಟ್ ನೆಲ, ಮಾಡಿಸಲು ಆಗುತ್ತದಾ ನೋಡಿ. ನನಗೆ ಅತಿ ಇಷ್ಟವಾದ ನೆಲ ಅದು. ಸಂದಿಗಳಿಲ್ಲ, ತುಳಿದಷ್ಟೂ ನುಣುಪಾಗುತ್ತದೆ. ಆದರೆ ಕೈ ಪಳಗಿದ ಮೇಸ್ತ್ರಿಯೇ ಬೇಕು. ಅವರು ಮೊದಲು ಮಾಡಿದ ಮನೆಗೆ ಹೋಗಿ ಬಿರುಕು ನೋಡಿ ಬನ್ನಿ. ಮುಗಿದ ಮೇಲೆ ವಾರವಾದರೂ ನೀರು ನಿಲ್ಲಿಸಿ ಒಣಗದಂತೆ ನೋಡಿಕೊಳ್ಳಬೇಕು. ಮೇಲೆ ಮೇಣದ ಪಾಲಿಶ್ ಮಾತ್ರ ತೆಳ್ಳಗಿರಲಿ, ಜಾಸ್ತಿಯಾದರೆ ಅದೂ ಜಾರುತ್ತದೆ.

ಟೈಲ್ಸ್ ಲೆಕ್ಕಕ್ಕಿಂತ ನೂರಕ್ಕೆ ಹತ್ತರಷ್ಟು ಜಾಸ್ತಿ ತನ್ನಿ, ಎಲ್ಲ ಡಬ್ಬದ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ. ಹಾಕಿ ಎರಡು ದಿನದ ಮೇಲೆ ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಮೇಸ್ತ್ರಿಯಿಂದ ಆಗಲೇ ತೆಗೆಸಿ ಹಾಕಿಸಿ.

ಬಚ್ಚಲಿನ ಅಳತೆ ಹಾಕಿ ಅಣ್ಣ, ವಾಟ ಯಾವ ಕಡೆ ಕೊಡಬೇಕು ಅಂತ ನೋಡಿ ಹೇಳ್ತೀನಿ.