ಎದೆಹಾಲು ಸಾಲುತ್ತಿಲ್ಲ, ರಾತ್ರಿಗೆ ಯಾವ ಹಾಲಿನ ಪುಡಿ ಕೊಡಬಹುದು?

ಮೂರು ವಾರದ ಕೂಸು, ಸಿಸೇರಿಯನ್ ಹೆರಿಗೆ, ಸಂಜೆಯಾದರೆ ಎಷ್ಟು ಕುಡಿಸಿದರೂ ನಿಲ್ಲದ ಅಳು, ಪಂಪಿನಲ್ಲಿ ಹಿಂಡಿದರೆ ಬಾಟಲಿಯ ತಳವೂ ಮುಚ್ಚದ ಹಾಲು, ‘ರಾತ್ರಿ ಒಂದು ಹೊತ್ತು ಡಬ್ಬಿ ಹಾಲು ಕೊಡು, ನೀನೂ ಮಲಗು’ ಎನ್ನುವ ಅತ್ತೆ. ನೀವು ಬರೆದಿರುವುದು ನನ್ನದೇ ಮೊದಲ ಬಾಣಂತನ. ನನಗೆ ಅತ್ತೆಯ ಬದಲು ಅಮ್ಮನೇ ಹಾಗೆ ಹೇಳಿದ್ದರು, ಅಷ್ಟೇ ವ್ಯತ್ಯಾಸ. ಯಾವ ಪುಡಿ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಹಾಲು ಸಾಲುತ್ತಿಲ್ಲ ಎಂದು ತೀರ್ಮಾನಿಸಿದವರು ಯಾರು, ಏನನ್ನು ನೋಡಿ ತೀರ್ಮಾನಿಸಿದರು ಎಂಬುದು ಇತ್ಯರ್ಥವಾಗುವ ತನಕ ಆ ಪ್ರಶ್ನೆ ಎತ್ತುವುದೇ ಬೇಡ.

ನನ್ನ ಮಗ ಹುಟ್ಟಿದ್ದು ಶಿವಮೊಗ್ಗದ ಒಂದು ನರ್ಸಿಂಗ್ ಹೋಂನಲ್ಲಿ. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ನನ್ನ ಕೈಗೆ ಅವನು ಬಂದದ್ದು ಮರುದಿನ, ಅದೂ ಪುಡಿ ಹಾಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಗಾಢ ನಿದ್ದೆಯಲ್ಲಿ. ನನ್ನ ಎದೆಯಲ್ಲಿ ಹಳದಿ ಬಣ್ಣದ ಮಂದ ಹಾಲು ಹನಿಹನಿಯಾಗಿ ಬರುತ್ತಿತ್ತು. ಮೊದಲ ದಿನ ಕೂಸಿಗೆ ಬೇಕಾದದ್ದೂ ಚಮಚದ ಲೆಕ್ಕದಲ್ಲಿಯೇ. ಸಿಸೇರಿಯನ್ ಆದವರಿಗೆ ಹಾಲು ತುಂಬಿಕೊಳ್ಳಲು ಇನ್ನೂ ಒಂದೆರಡು ದಿನ ಹೆಚ್ಚು ಹಿಡಿಯಬಹುದು. ಇದನ್ನು ನನಗೆ ಯಾರೂ ಹೇಳಲಿಲ್ಲ. ಹಸು ಕರು ಹಾಕಿದರೆ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುವ ನಾವು, ಹೆತ್ತವಳ ಗಿಣ್ಣು ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುತ್ತೇವೆ. ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ ಕಬ್ಬಿಣದ ಮಾತ್ರೆಯ ಕೆಳಗೆ ಹಾಲಿನ ಪುಡಿಯ ಹೆಸರೂ ಇತ್ತು. ಶಿಶುಗಳ ಹಾಲಿನ ಪುಡಿಯನ್ನು ಜಾಹೀರಾತು ಮಾಡುವುದನ್ನೇ 1992ರ ಕಾಯ್ದೆ ನಿಷೇಧಿಸಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆದರೂ ಮನೆಗೆ ಬಂದ ಮೇಲೆ ಹಾಲು ಬಂತು, ಧಾರಾಳವಾಗಿಯೇ ಬಂತು. ಎದೆ ಕಲ್ಲಾಗಿ ರವಿಕೆ ಒದ್ದೆಯಾಗುತ್ತಿತ್ತು. ಎಣ್ಣೆ ನೀರು, ಕಾಳುಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದಿದ್ದವು. ತಿಂಗಳು ತುಂಬುವ ಮೊದಲೇ ಮೂರು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡವು. ದೀಪ ಹಚ್ಚುವ ಹೊತ್ತಿಗೆ ಶುರುವಾದ ಅಳು ಊಟದ ಹೊತ್ತು ಮೀರಿದರೂ ನಿಲ್ಲುತ್ತಿರಲಿಲ್ಲ. ಕುಡಿಯುವುದು, ಬಿಡುವುದು, ಚೀರುವುದು, ಮತ್ತೆ ಬಾಯಿ ಹಾಕುವುದು. ಕಲ್ಲಿನಂತಿದ್ದ ಎದೆ ಮೆತ್ತಗಾಯಿತು. ಅನುಮಾನ ಬಂದು ಪಂಪ್ ತರಿಸಿ ಹಿಂಡಿದರೆ ನಿಮಗೆ ಬಂದಷ್ಟೇ ಬಂತು. ‘ಹಾಲು ಬತ್ತಿತು’ ಎಂದು ಅಮ್ಮ ಹೇಳಿದರು, ನಾನು ಒಪ್ಪಿದೆ.

ಈ ಮೂರರಲ್ಲಿ ಒಂದೂ ಹಾಲು ಬತ್ತಿದ್ದರ ಲಕ್ಷಣವಲ್ಲ. ಸಂಜೆಯ ಹೊತ್ತು ಮೇಲಿಂದ ಮೇಲೆ ಕುಡಿಯುವುದು ಈ ವಯಸ್ಸಿನ ಕೂಸುಗಳ ಸಾಮಾನ್ಯ ನಡವಳಿಕೆ. ಮೂರನೇ ವಾರ ಮತ್ತು ಆರನೇ ವಾರದ ಆಸುಪಾಸಿನಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಎದೆ ಮೆತ್ತಗಾಗುವುದು ಕೂಸಿಗೆ ಬೇಕಾದಷ್ಟನ್ನೇ ತಯಾರಿಸಲು ದೇಹ ಕಲಿತಿದೆ ಎಂಬುದಕ್ಕೆ ಗುರುತು. ಇನ್ನು ಪಂಪಿನ ವಿಷಯ. ನನ್ನ ಎರಡನೇ ಹೆರಿಗೆಯಾದ ತಾಲ್ಲೂಕು ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಒಂದೇ ಮಾತಿನಲ್ಲಿ ಹೇಳಿದರು: ‘ಕರು ಬಿಡದೆ ಕರೆಯಲು ಕೂತರೆ ಹಸು ಸೊರೆ ಬಿಡುತ್ತದೆಯೇನಮ್ಮ?’ ಕೂಸಿನ ಬಾಯಿ, ಮೈಬಿಸಿ, ವಾಸನೆ ಇದ್ದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ಹೊರಗೆ ಒತ್ತುತ್ತದೆ. ‘ಬರುತ್ತದೋ ಇಲ್ಲವೋ’ ಎಂದು ಹೆದರಿ ಪ್ಲಾಸ್ಟಿಕ್ ಯಂತ್ರ ಹಿಡಿದು ಕೂತವಳಿಗೆ ಹಾಲು ಇದ್ದರೂ ಇಳಿಯದಿರಬಹುದು. ಪಂಪಿನಲ್ಲಿ ಬಂದದ್ದು ಪಂಪಿಗೆ ಸಿಕ್ಕಿದ ಹಾಲು, ಎದೆಯಲ್ಲಿರುವ ಹಾಲಿನ ಅಳತೆ ಅದಲ್ಲ.

ನನಗೆ ದುಬಾರಿಯಾದದ್ದು ರಾತ್ರಿಯ ಆ ಒಂದು ಹೊತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದರ ಹೊಸ್ತಿಲಲ್ಲಿ ನಿಂತಿದ್ದೀರಿ. ರಾತ್ರಿ ಹನ್ನೊಂದಕ್ಕೆ ಅಮ್ಮ ಬಾಟಲಿಯಲ್ಲಿ ಪುಡಿ ಹಾಲು ಕುಡಿಸಿದರು, ಮಗ ಬೆಳಗಿನ ಜಾವದವರೆಗೆ ಮಲಗಿದ, ನಾನೂ ಮಲಗಿದೆ. ಹೆರಿಗೆಯ ನಂತರ ಅಷ್ಟು ನಿದ್ದೆ ಬಂದದ್ದು ಅದೇ ಮೊದಲು. ಎದ್ದಾಗ ಎದೆ ಬಿಗಿದು ನೋಯುತ್ತಿತ್ತು. ‘ನೋಡು, ನಿದ್ದೆಯಾದರೆ ಹಾಲು ಬರುತ್ತದೆ’ ಎಂದು ಎಲ್ಲರಿಗೂ ಖುಷಿ. ನಿಜವಾಗಿ ನಡೆದದ್ದು ಬೇರೆ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚಿರುತ್ತದೆ, ಕೂಸು ಚೀಪಿದಷ್ಟೂ ಏರುತ್ತದೆ. ಅದೇ ಹೊತ್ತಿನಲ್ಲಿ ನಾನು ಕೂಸನ್ನು ದೂರವಿಟ್ಟೆ. ಎದೆಯಲ್ಲಿ ತುಂಬಿ ನಿಂತ ಹಾಲು ‘ಇಷ್ಟು ಬೇಡ, ಕಡಿಮೆ ಮಾಡು’ ಎಂದು ದೇಹಕ್ಕೆ ತಾನೇ ಸೂಚನೆ ಕೊಡುತ್ತದೆ. ನಾನು ಪ್ರತಿ ರಾತ್ರಿ ಗಂಟೆಗಟ್ಟಲೆ ಆ ಸೂಚನೆ ಕೊಟ್ಟೆ. ಮೊದಮೊದಲು ಬೆಳಗಿನ ಜಾವ ಎದೆ ಬಿಗಿಯುತ್ತಿತ್ತು, ಆಮೇಲೆ ಅದೂ ನಿಂತಿತು. ಸಂಜೆಯ ಅಳು ಜೋರಾಯಿತು, ಸಂಜೆಗೂ ಒಂದು ಬಾಟಲಿ ಬಂತು. ಬಾಟಲಿಯಲ್ಲಿ ಹಾಲು ತಾನಾಗಿಯೇ ಬಾಯಿಗೆ ಸುರಿಯುತ್ತದೆ, ಎದೆಯಲ್ಲಿ ದುಡಿಯಬೇಕು. ಸುಲಭದ ರುಚಿ ಹತ್ತಿದ ಮಗ ಎದೆಗೆ ಹಿಡಿದರೆ ಬೆನ್ನು ಸೆಟೆಸಿ ಮುಖ ತಿರುಗಿಸತೊಡಗಿದ. ‘ನಿನ್ನ ಹಾಲು ಅವನಿಗೆ ಒಗ್ಗುವುದಿಲ್ಲ’ ಎಂಬ ಮಾತೂ ಆಗ ಬಂತು.

ಪುಡಿ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಆ ಹೊತ್ತಿನ ಹಾಲನ್ನು ಹಿಂಡಿ ತೆಗೆಯದೆ ಎದೆಯಲ್ಲೇ ಬಿಟ್ಟು ಮಲಗಿದೆನಲ್ಲ, ಅದಕ್ಕೆ ಬೇಸರ. ಅವನು ಒಂದು ಹೊತ್ತು ಪುಡಿ ಕುಡಿದರೆ ನಾನು ಆ ಹೊತ್ತು ಕೈಯಿಂದಲಾದರೂ ಹಿಂಡಬೇಕಿತ್ತು. ಈ ಒಂದು ವಾಕ್ಯವನ್ನು ಆಸ್ಪತ್ರೆಯ ಚೀಟಿಯಲ್ಲಿ ಪುಡಿಯ ಹೆಸರಿನ ಪಕ್ಕ ಯಾರೂ ಬರೆಯಲಿಲ್ಲ.

ನಡುವೆ ಒಂದು ಕಡೆ ಹಾಲು ಕಟ್ಟಿಕೊಂಡು ಗಂಟಾಗಿ ಚಳಿ ಜ್ವರ ಬಂತು. ಪಕ್ಕದ ಮನೆಯವರು ಎದೆಗೆ ಮಲ್ಲಿಗೆ ಹೂವು ಕಟ್ಟಿಕೊಳ್ಳಲು ಹೇಳಿದರು, ಕಟ್ಟಿಕೊಂಡೆ. ಹಾಲು ಬತ್ತಿಸಬೇಕಾದವರು ಕಟ್ಟುವ ಹೂವು ಅದು! ಹಾಲು ಕಟ್ಟಿಕೊಂಡಾಗ ಕುಡಿಸುವುದನ್ನು ನಿಲ್ಲಿಸಬಾರದು. ಆ ಕಡೆಯೂ ಕುಡಿಸಬೇಕು, ಆಮೇಲೆ ತಣ್ಣನೆಯ ಬಟ್ಟೆ ಇಡಬೇಕು. ಜ್ವರ ಇಳಿಯದಿದ್ದರೆ ವೈದ್ಯರ ಬಳಿ ಹೋಗಬೇಕು. ಕೂಸಿಗೆ ತೊಂದರೆಯಾಗದ ಆ್ಯಂಟಿಬಯಾಟಿಕ್‌ಗಳಿವೆ.

ಮಗ ಮೂರು ತಿಂಗಳಿನವನಾಗುವ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಡಬ್ಬಿಯ ಮೇಲೆಯೇ ಇದ್ದ. ಬಾಟಲಿ ಕುದಿಸುವುದು, ಭೇದಿ, ಡಬ್ಬಿಯ ಬೆಲೆ, ಎಲ್ಲ ಅನುಭವಿಸಿದೆವು. ಎರಡನೇ ಬಸುರಿಯಲ್ಲಿ ಹಳೆಯ ತಾಯಿ ಕಾರ್ಡ್ ತೆಗೆದು ನೋಡಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗಲೆಲ್ಲ ಮಗನನ್ನು ಜೋಳಿಗೆಯ ತಕ್ಕಡಿಯಲ್ಲಿ ತೂಗಿ ಬರೆದಿದ್ದ ಅಂಕಿಗಳು ಅದರಲ್ಲಿದ್ದವು. ನೀಲಿ ಶಾಯಿ, ದುಂಡನೆಯ ಅಕ್ಷರ. ನಾವು ಡಬ್ಬಿ ತರಿಸಿದ ವಾರದಲ್ಲಿ ಅವನು ಹುಟ್ಟಿದಾಗಿನ ತೂಕವನ್ನು ದಾಟಿ ಚೆನ್ನಾಗಿಯೇ ಏರುತ್ತಿದ್ದ. ಕಾರ್ಡು ಅಲಮಾರಿನಲ್ಲಿತ್ತು, ನಾವು ಅವನ ಅಳುವನ್ನು ತೂಗುತ್ತಿದ್ದೆವು.

ಆದ್ದರಿಂದ ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ತೂಕ ನೋಡಿಸುವುದು. ಹುಟ್ಟಿದ ಮೊದಲ ದಿನಗಳಲ್ಲಿ ಕೂಸುಗಳ ತೂಕ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುವುದುಂಟು. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು, ಅಲ್ಲಿಂದ ಮುಂದೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಎರಡನೆಯ ಲೆಕ್ಕ ಮೂತ್ರದ್ದು: ಐದನೇ ದಿನದ ನಂತರ ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದೆ ಬಟ್ಟೆ ಒದ್ದೆಯಾಗಬೇಕು, ಮೂತ್ರ ತಿಳಿಯಾಗಿರಬೇಕು. ಡೈಪರ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಒಂದು ದಿನ ಹಳೆಯ ಪಂಚೆಯ ಲಂಗೋಟಿ ಕಟ್ಟಿ ಎಣಿಸಿ. ಇವೆರಡೂ ಸರಿಯಿದ್ದರೆ ನಿಮ್ಮ ಹಾಲು ಸಾಲುತ್ತಿದೆ, ಯಾರು ಏನೇ ಹೇಳಲಿ.

ಸರಿಯಿಲ್ಲದಿದ್ದರೆ? ಆಗ ಮಕ್ಕಳ ವೈದ್ಯರ ಬಳಿ ಹೋಗಿ, ಅವರು ಹೇಳಿದರೆ ಪುಡಿ ಕೊಡಿ. ಡಬ್ಬಿ ಹಾಲನ್ನು ವಿಷ ಎನ್ನುವವರ ಮೇಲೆ ನನಗೆ ಬಾಟಲಿ ಹಿಡಿದು ಬರುವವರಿಗಿಂತ ಹೆಚ್ಚು ಸಿಟ್ಟು. ಹಸಿದ ಕೂಸಿಗೆ ಅದು ಔಷಧವೇ. ಆದರೆ ಔಷಧದಂತೆಯೇ ಕೊಡಿ: ಡಬ್ಬಿಯ ಮೇಲೆ ಬರೆದ ಅಳತೆಗೆ ಸರಿಯಾಗಿ, ಉಳಿತಾಯಕ್ಕೆಂದು ನೀರು ಹೆಚ್ಚಿಸದೆ, ಬಾಟಲಿಯ ಬದಲು ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು). ಮತ್ತು ಪ್ರತಿ ಸಲವೂ ಎದೆಗೆ ಹಚ್ಚಿದ ನಂತರ ಕೊಡಿ, ಆಮೇಲೆ ಹಾಲನ್ನು ಹಿಂಡಿ ತೆಗೆಯಿರಿ. ಕೂಸು ಕುಡಿಯಲು ಎಬ್ಬಿಸಿದರೂ ಏಳದಿದ್ದರೆ, ಜ್ವರ ಬಂದರೆ, ಮೂತ್ರ ತೀರಾ ಕಡಿಮೆಯಾದರೆ, ಮೈ ಹಳದಿಯಾಗುತ್ತ ಹೋದರೆ, ನನ್ನ ಉತ್ತರ ಪಕ್ಕಕ್ಕಿಟ್ಟು ಈಗಲೇ ಆಸ್ಪತ್ರೆಗೆ ಹೊರಡಿ.

ತೊಟ್ಟು ಒಡೆದು ನೋಯುತ್ತಿದೆ ಎಂದೂ ಬರೆದಿದ್ದೀರಿ. ಅದನ್ನು ‘ಮೊದಲ ಹೆರಿಗೆಯಲ್ಲಿ ಎಲ್ಲರಿಗೂ ಹಾಗೆಯೇ’ ಎಂದು ಸಹಿಸಿಕೊಳ್ಳಬೇಡಿ. ಹೆಚ್ಚಾಗಿ ಕೂಸು ಎದೆ ಹಿಡಿಯುವ ಕ್ರಮ ತಪ್ಪಿರುತ್ತದೆ, ಹಾಗೆ ಹಿಡಿದರೆ ಹಾಲೂ ಸರಿಯಾಗಿ ಇಳಿಯುವುದಿಲ್ಲ. ನಾನು ಹೇಳಿದ ಆ ನರ್ಸ್ ನನ್ನ ಮಗಳನ್ನು ಎತ್ತಿ, ಅವಳ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿದರು. ನನ್ನ ಬೆನ್ನಿಗೊಂದು, ಮೊಣಕೈ ಕೆಳಗೊಂದು ದಿಂಬು ತುರುಕಿದರು. ತೊಟ್ಟಿನಿಂದ ಅವಳ ಮೇಲ್ದುಟಿಯನ್ನು ಸವರಿ ಕಾದರು. ನಾನು ಅವಸರದಲ್ಲಿ ಮುಂದಕ್ಕೆ ಬಾಗಿದರೆ ಭುಜ ಹಿಡಿದು ಹಿಂದಕ್ಕೆ ಒರಗಿಸಿದರು: ‘ನೀನು ಅವಳ ಹತ್ತಿರ ಹೋಗಬೇಡ, ಅವಳನ್ನು ನಿನ್ನ ಹತ್ತಿರ ತಾ.’ ಬಾಯಿ ಪೂರ್ತಿ ತೆರೆದ ಕ್ಷಣ ಸಟ್ಟನೆ ಎದೆಗೆ ಒತ್ತಿದರು. ಗದ್ದ ಎದೆಗೆ ತಾಗಿತ್ತು, ಕೆಳದುಟಿ ಹೊರಕ್ಕೆ ಮಡಚಿತ್ತು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗೆ ಕಾಣದೆ ಮೇಲೆ ಮಾತ್ರ ಸ್ವಲ್ಪ ಕಾಣುತ್ತಿತ್ತು. ನೋವಿಲ್ಲ. ನಾಲ್ಕೈದು ಸಲ ಬೇಗಬೇಗ ಚೀಪಿ, ಆಮೇಲೆ ನಿಧಾನವಾಗಿ ಗುಟುಕು ನುಂಗುವ ಸದ್ದು. ಮೊದಲ ಮಗನಲ್ಲಿ ನಾನು ಆ ಸದ್ದನ್ನು ಕೇಳಿದ್ದೆನೋ ಇಲ್ಲವೋ ನೆನಪಿಲ್ಲ. ನೀವು ಕುಡಿಸಿ ಬಿಡಿಸಿದಾಗ ತೊಟ್ಟು ಚಪ್ಪಟೆಯಾಗಿ ಒಂದು ಕಡೆ ಓರೆಯಾಗಿದ್ದರೆ ಹಿಡಿತ ತಪ್ಪಿದೆ ಎಂದರ್ಥ. ಬಾಯಿಯ ಮೂಲೆಯಲ್ಲಿ ಕಿರುಬೆರಳು ಹಾಕಿ ಬಿಡಿಸಿ ಮತ್ತೆ ಹಿಡಿಸಿ. ಹೊಲಿಗೆ ನೋಯುತ್ತಿದ್ದರೆ ಮಗ್ಗುಲಾಗಿ ಮಲಗಿ, ಇಲ್ಲವೇ ಕೂಸಿನ ಕಾಲು ನಿಮ್ಮ ಕಂಕುಳ ಕೆಳಗಿಂದ ಹಿಂದಕ್ಕೆ ಬರುವಂತೆ ಹಿಡಿದು ಕುಡಿಸಿ. ಒಡೆದ ತೊಟ್ಟಿಗೆ ನಿಮ್ಮದೇ ಹಾಲಿನ ಒಂದೆರಡು ಹನಿ ಹಚ್ಚಿ ಆರಲು ಬಿಡಿ. ಸಾಧ್ಯವಾದರೆ ನಾಳೆ ತೂಕಕ್ಕೆ ಹೋದಾಗಲೇ ನರ್ಸ್ ಮುಂದೆ ಕೂತು ಒಂದು ಸಲ ಕುಡಿಸಿ ತೋರಿಸಿ.

ಗಡಿಯಾರ ನೋಡಿ ಕುಡಿಸಬೇಡಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಸಾಮಾನ್ಯ, ನಿಮ್ಮ ಕೂಸು ಸಂಜೆಯೇ ಐದು ಸಲ ಕುಡಿದರೆ ಕುಡಿಯಲಿ. ತಿನ್ನುವ ವಿಷಯದಲ್ಲಿ ನನಗೆ ಜಗಳವಿಲ್ಲ. ಮೆಂತ್ಯ, ಸಬ್ಬಸಿಗೆ, ಅಂಟಿನುಂಡೆ ಸೇರಿದಷ್ಟು ತಿನ್ನಿ, ಆದರೆ ಕೂಸು ಚೀಪದೆ ಯಾವ ಉಂಡೆಯೂ ಹಾಲು ತರುವುದಿಲ್ಲ. ಬಾಣಂತಿಗೆ ನೀರು ಕೊಡಬಾರದು ಎಂದರೆ ಕೇಳಬೇಡಿ, ಬಾಯಾರಿದಷ್ಟೂ ಕುಡಿಯಿರಿ. ಕೂಸಿಗೆ ಮಾತ್ರ ಆರು ತಿಂಗಳು ನೀರು, ಬಜೆ, ಸಕ್ಕರೆ ನೀರು ಯಾವುದೂ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ಮುಟ್ಟಿಸಲೇಬೇಡಿ, ಅದರಿಂದ ಬರಬಹುದಾದ ಬಾಟ್ಯುಲಿಸಂ ಎಂಬ ಕಾಯಿಲೆ ಜೀವಕ್ಕೇ ಅಪಾಯ. ವೈದ್ಯರು ಬರೆದುಕೊಡುವ ವಿಟಮಿನ್ ಡಿ ಹನಿ ಇದಕ್ಕೆ ಹೊರತು, ಅದನ್ನು ತಪ್ಪಿಸಬೇಡಿ.

‘ಮೂರು ತಿಂಗಳಿಗೆ ಕೆಲಸಕ್ಕೆ ಹೋಗಬೇಕು, ಈಗಲೇ ಬಾಟಲಿ ಅಭ್ಯಾಸವಾಗಲಿ’ ಎಂಬ ನಿಮ್ಮ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ. ಮೂರು ತಿಂಗಳು ಎಂದು ಹೇಳಿದವರು ಯಾರು? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಚೇರಿ, ಅಂಗಡಿಗಳಿಗೂ ಈ ನಿಯಮ ಅನ್ವಯಿಸುತ್ತದೆ. ಮರಳಿ ಹೋದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೇಳುವ ಹಕ್ಕೂ ನಿಮಗಿದೆ. ಕಚೇರಿಗೆ ಕಾಗದದಲ್ಲಿಯೇ ಬರೆದು ಕೇಳಿ. ಹಾಗೂ ಬೇಗ ಹೋಗಲೇಬೇಕಾಗಿ ಬಂದರೆ ಹೊರಡುವ ಕೆಲವು ವಾರ ಮುಂಚೆ ಹಿಂಡಿ ಇಡುವುದನ್ನು ರೂಢಿಸಿಕೊಳ್ಳಿ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಬೇಸಿಗೆಯಲ್ಲಿ ಹೊರಗಿಡುವ ಸಾಹಸ ಬೇಡ. ಅದನ್ನೂ ಒಳಲೆಯಲ್ಲಿಯೇ ಕುಡಿಸಬಹುದು, ನಿಮ್ಮ ಅತ್ತೆಯ ಕೈಗೆ ಅದು ನಿಮ್ಮ ಕೈಗಿಂತ ಚೆನ್ನಾಗಿ ಒಗ್ಗಿರುತ್ತದೆ.

ಅತ್ತೆಯ ಮೇಲೆ ಕೋಪ ಬೇಡ. ನೀವು ಮಲಗಬೇಕು ಎಂಬ ಅವರ ಮಾತು ಸರಿ, ದಾರಿ ಮಾತ್ರ ತಪ್ಪು. ಸಂಜೆ ಆರರಿಂದ ಹತ್ತರವರೆಗೆ ನೀವು ಅಡುಗೆಮನೆಯ ಕಡೆ ತಲೆ ಹಾಕುವುದಿಲ್ಲ ಎಂದು ಅವರಿಗೂ ಗಂಡನಿಗೂ ಹೇಳಿಬಿಡಿ. ಕುಡಿದ ಕೂಸನ್ನು ಹೆಗಲಿಗೆ ಹಾಕಿ ತೇಗಿಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ಓಡಾಡುವುದು ಅವರದು. ಕುಡಿಸುವುದು ಮಾತ್ರ ನಿಮ್ಮದು. ಹಗಲು ಕೂಸು ಮಲಗಿದಾಗ ಮೊಬೈಲ್ ಪಕ್ಕಕ್ಕಿಟ್ಟು ನೀವೂ ಮಲಗಿ. ತಾಯಿ ಕಾರ್ಡಿನಲ್ಲಿ ಹಿಂದೆ ಬರೆದ ತೂಕ, ನಾಳೆ ಬಂದ ತೂಕ ಎರಡನ್ನೂ ಈ ಉತ್ತರದ ಕೆಳಗೆ ಬರೆಯಿರಿ. ಕಡಿಮೆ ಬಂದಿದ್ದರೆ ವೈದ್ಯರು ಏನು ಹೇಳಿದರು ಎಂಬುದನ್ನೂ ಬರೆಯಿರಿ, ಆಗ ಪುಡಿಯ ವಿಷಯವನ್ನೇ ಮಾತನಾಡೋಣ.