ಕೊರಳಿಗಲ್ಲ, ತಲೆಗೆ

ಪ್ರಿಯ ಓದುಗರೇ,

ನಿಮ್ಮ ಪತ್ರ ಸಿಕ್ಕಿತು, ಖಾರವಾಗಿಯೇ ಇತ್ತು. ಹೋದ ಸಂಚಿಕೆಯಲ್ಲಿ ಗ್ರೀಕ್ ಓಟಗಾರನ ಚಿತ್ರದ ಕೆಳಗೆ "ಗೆದ್ದವನ ಕೊರಳಿಗೆ ಎಲೆಯ ಹಾರ" ಅಂತ ಬರೆದಿದ್ದೆವು. ಅದು ತಲೆಯ ಮೇಲಿದೆ, ಕಣ್ಣು ಕಾಣಿಸಲ್ವಾ ಅಂತ ಕೇಳಿದ್ದೀರಿ. ತಪ್ಪು ನನ್ನದೇ. ಹಾರ ಅಂದ ಕೂಡಲೇ ಕೈ ತಾನಾಗಿ ಕೊರಳು ಅಂತ ಬರೆದುಬಿಡುತ್ತದೆ. ತಲೆಗೆ ಸುತ್ತುವುದಕ್ಕೆ ದಂಡೆ ಅನ್ನಬೇಕಿತ್ತು. ಅಷ್ಟು ಚೆಂದದ ಪದ ಇದ್ದೂ ಮರೆತೆ.

ಆದರೆ "ದುಂಡಗೆ ಕಟ್ಟಿದ್ದು ಸತ್ತವರಿಗೆ, ಉದ್ದಕ್ಕೆ ಪೋಣಿಸಿದ್ದು ಬದುಕಿರುವವರಿಗೆ" ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಆಕಾರ ನೋಡಿ ಏನೂ ಹೇಳಲಾಗದು. ಯಾವ ಎಲೆ, ಎಲ್ಲಿಂದ ಕಿತ್ತದ್ದು ಅಂತ ಕೇಳಬೇಕು. ಹಳೆಯ ಗ್ರೀಸಿನ ಆಟಗಳನ್ನೇ ನೋಡಿ. ಒಲಿಂಪಿಯಾದಲ್ಲಿ ಗೆದ್ದವನಿಗೆ ಕಾಡು ಆಲಿವ್ ದಂಡೆ, ಅದೂ ದೇವಸ್ಥಾನದ ಹತ್ತಿರದ ಒಂದು ಮರದ್ದೇ ಆಗಬೇಕು. ಡೆಲ್ಫಿಯಲ್ಲಿ ಲಾರೆಲ್ ಮರದ ಎಲೆ. ನೆಮಿಯಾದಲ್ಲಂತೂ ಸೆಲರಿ ಸೊಪ್ಪು! ನಗಬೇಡಿ. ಅಲ್ಲಿನ ಆಟಗಳು ಸತ್ತುಹೋದ ಒಂದು ಮಗುವಿನ ನೆನಪಿಗೆ ಶುರುವಾದವು ಅನ್ನುವುದು ಗ್ರೀಕರ ಕಥೆ, ಮತ್ತು ಇದೇ ಸೊಪ್ಪನ್ನು ಅವರು ಸಮಾಧಿಗೂ ಇಡುತ್ತಿದ್ದರು. ಅಂದರೆ ಗೆದ್ದವನ ತಲೆಗೂ ಅದೇ, ಸತ್ತವರಿಗೂ ಅದೇ. ಈಗ ಹೇಳಿ, ಯಾವ ಗುಂಪಿಗೆ ಸೇರಿಸುತ್ತೀರಿ?

ರೋಮನ್ನರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಯುದ್ಧದಲ್ಲಿ ಒಬ್ಬ ಪ್ರಜೆಯ ಜೀವ ಉಳಿಸಿದರೆ ಓಕ್ ಎಲೆಯ ದಂಡೆ. ಉಳಿದುಕೊಂಡವನೇ ಬಾಯಿಬಿಟ್ಟು "ಹೌದು, ಇವನೇ ಉಳಿಸಿದ" ಅನ್ನಬೇಕಿತ್ತು, ಅದನ್ನು ಹೇಳಲು ಎಷ್ಟು ಜನ ಹಿಂದೆಮುಂದೆ ನೋಡಿದ್ದಾರೋ! ಅವರಲ್ಲಿ ಚಿನ್ನದ ಕಿರೀಟಗಳೂ ಇದ್ದವು. ಆದರೆ ಎಲ್ಲಕ್ಕಿಂತ ದೊಡ್ಡ ಗೌರವ ಹುಲ್ಲಿನದು. ಸುತ್ತುವರಿದ ಶತ್ರುಗಳಿಂದ ಇಡೀ ಸೈನ್ಯವನ್ನು ಪಾರುಮಾಡಿದವನಿಗೆ, ಅದೇ ನೆಲದಲ್ಲಿ ಬೆಳೆದ ಹುಲ್ಲು, ಕಳೆ, ಕೈಗೆ ಸಿಕ್ಕಿದ್ದನ್ನು ಕಿತ್ತು ಹೆಣೆದು, ಬದುಕಿ ಉಳಿದ ಸೈನಿಕರೇ ಕೊಡುತ್ತಿದ್ದರು. ನನಗೆ ಈ ಹುಲ್ಲಿನದೇ ಜಾಸ್ತಿ ಇಷ್ಟ.

ಸತ್ತವರಿಗೆ ಇಟ್ಟದ್ದರಲ್ಲಿ ಮರೆಯಲಾಗದ್ದು ಈಜಿಪ್ಟಿನ ರಾಜ ಟುಟಾಂಖಾಮನ್‌ನದು. 1922ರಲ್ಲಿ ಪುರಾತತ್ವಜ್ಞ ಹೊವರ್ಡ್ ಕಾರ್ಟರ್ ಆ ಸಮಾಧಿ ಪತ್ತೆಹಚ್ಚಿದರು. ಆಮೇಲೆ ಶವಪೆಟ್ಟಿಗೆ ತಲುಪಿದಾಗ, ಅದರ ಮೇಲೆ ರೂಪಿಸಿದ್ದ ರಾಜನ ಮುಖದ ಹಣೆಯಲ್ಲಿ ಪುಟ್ಟದೊಂದು ಹೂದಂಡೆ ಸಿಕ್ಕಿತು. ಮೂರು ಸಾವಿರ ವರ್ಷ ದಾಟಿದ ಹೂವು. ಅಲ್ಲಿದ್ದ ಹೂವು, ಹಣ್ಣು ವರ್ಷದ ಯಾವ ತಿಂಗಳಲ್ಲಿ ಬಿಡುವಂಥವು ಅಂತ ನೋಡಿಯೇ ಹೂಳಿದ್ದು ಮಾರ್ಚ್–ಏಪ್ರಿಲ್ ಹೊತ್ತಿಗೆ ಇರಬೇಕು ಅಂತ ಲೆಕ್ಕ ಹಾಕಿದರು. ಅಷ್ಟೊಂದು ಚಿನ್ನ ಇತ್ತಲ್ಲ, ಅದು ಇದನ್ನು ಹೇಳಲಿಲ್ಲ.

ನೀವು ಹೇಳಿದ ಉದ್ದನೆಯ ಮಾಲೆಗೆ ಹವಾಯಿ ದ್ವೀಪದವರು ಕೊರಳಿಗೆ ಹಾಕುವ ಲೇ ಒಳ್ಳೆಯ ಉದಾಹರಣೆ, ನಿಜ. ಆದರೆ ಅಲ್ಲೂ ಒಂದು ತಿರುವಿದೆ. ಬಸುರಿಗೆ ದುಂಡಗೆ ಮುಚ್ಚಿದ್ದನ್ನು ಹಾಕುವುದಿಲ್ಲ, ಮಗುವಿನ ಕುತ್ತಿಗೆಗೆ ಕರುಳಬಳ್ಳಿ ಸುತ್ತಿಕೊಂಡೀತು ಅನ್ನುವ ಹೆದರಿಕೆ. ಎರಡು ತುದಿ ಬಿಟ್ಟುಕೊಂಡದ್ದನ್ನು ಹಾಕುತ್ತಾರೆ.

ಕೊನೆಯಲ್ಲಿ, ರೋಮಿನ ಜೂಲಿಯಸ್ ಸೀಸರ್ ಬೋಳು ಮುಚ್ಚಿಕೊಳ್ಳಲು ಸದಾ ಲಾರೆಲ್ ದಂಡೆ ಹಾಕಿಕೊಳ್ಳುತ್ತಿದ್ದ ಅನ್ನುವುದು ನಿಜವೇ ಅಂತ ಕೇಳಿದ್ದೀರಿ. ಹಾಗಂತ ಬರೆದವನು ರೋಮನ್ ಚರಿತ್ರೆಕಾರ ಸ್ವೆಟೋನಿಯಸ್. ಅವನು ಹುಟ್ಟುವ ಹೊತ್ತಿಗೆ ಸೀಸರ್ ಸತ್ತು ನೂರು ವರ್ಷ ದಾಟಿತ್ತು, ಆ ತಲೆಯನ್ನು ಅವನೇನೂ ಕಣ್ಣಾರೆ ಕಂಡವನಲ್ಲ. ಆದರೂ ನಾನು ನಂಬುತ್ತೇನೆ. ನನ್ನ ಕೂದಲೂ ಈಗ ಅಷ್ಟಕ್ಕಷ್ಟೇ.

— ಸಂಪಾದಕ